ಕೂರಬಾರದ ಕುರ್ಚಿಗಳು

ಮ್ಯೂಸಿಯಂ ಸುತ್ತುವಾಗ ಕಣ್ಣಿಗಿಂತ ಮೊದಲು ಕಾಲು ಸೋಲುತ್ತದೆ. ನೆದರ್ಲೆಂಡ್ಸ್‌ನ ಮ್ಯೂಸಿಯಂ ಒಂದರಲ್ಲಿ ನನ್ನ ಮೊಣಕಾಲು ತಕರಾರು ತೆಗೆದದ್ದು ಸರಿಯಾಗಿ ಕುರ್ಚಿಗಳ ಕೋಣೆಗೆ ಕಾಲಿಟ್ಟಾಗ. ಎಲ್ಲಿ ನೋಡಿದರೂ ಕುರ್ಚಿ. ಒಂದರ ಮೇಲೂ ಕೂರುವಂತಿಲ್ಲ. ಮೂಲೆಯಲ್ಲಿ ಸಾದಾ ಸ್ಟೂಲೊಂದಿತ್ತು. ಅದರ ಮೇಲೆ ಕಾವಲುಗಾರ ಕೂತಿದ್ದ.

ಎದುರಿಗಿದ್ದದ್ದು ಡಚ್ ವಾಸ್ತುಶಿಲ್ಪಿ ಗೆರಿಟ್ ರೀಟ್‌ವೆಲ್ಡ್‌ನ ಕೆಂಪು-ನೀಲಿ ಕುರ್ಚಿ. ಬೆನ್ನಿಗೆ ಕೆಂಪು ಹಲಗೆ, ಕೂರಲು ನೀಲಿ ಹಲಗೆ, ಕಪ್ಪು ಪಟ್ಟಿಗಳು. ಪಟ್ಟಿಗಳನ್ನು ಕೊಯ್ದ ತುದಿಗೆ ಮಾತ್ರ ಹಳದಿ. ಪಟ್ಟಿಗಳು ಒಂದನ್ನೊಂದು ಸೋಕಿ ಮುಂದಕ್ಕೆ ಚಾಚಿಕೊಂಡಿವೆ. ಸುಮಾರು 1918ರಲ್ಲಿ ಮಾಡಿದಾಗ ಇದಕ್ಕೆ ಬಣ್ಣವಿರಲಿಲ್ಲ, ಬಳಿದದ್ದು ನಾಲ್ಕೈದು ವರ್ಷ ಬಿಟ್ಟು. ರೀಟ್‌ವೆಲ್ಡ್ ಬಡಗಿಯ ಮಗ, ತಾನೂ ಬಡಗಿ. ಬಡಗಿಯಾದವನಿಗೆ ಬೆನ್ನು ಅಂದರೆ ಏನೆಂದು ತಿಳಿದಿರಬೇಡವೇ? ಹತ್ತಿಯ ಚೂರಿಲ್ಲ, ಬಟ್ಟೆಯ ಸುಳಿವಿಲ್ಲ. ಪಕ್ಕದಲ್ಲಿ ಮಾರ್ಸೆಲ್ ವಾಂಡರ್ಸ್ ಎಂಬ ಡಚ್ ವಿನ್ಯಾಸಕ 1996ರಲ್ಲಿ ಮಾಡಿದ ಹಗ್ಗದ ಕುರ್ಚಿ. ಹಗ್ಗವನ್ನು ಗಂಟು ಗಂಟಾಗಿ ಹೆಣೆದು, ರಾಳದಲ್ಲಿ ಅದ್ದಿ, ಗಟ್ಟಿಯಾಗುವವರೆಗೆ ತೂಗುಹಾಕಿದ್ದಂತೆ. ಮನುಷ್ಯನ ಭಾರ ತಡೆಯುತ್ತದೆ ಎಂದು ಮಗಳು ಹೇಳಿದಳು. "ನೋಡೇಬಿಡೋಣ" ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಸ್ಟೂಲಿನವನು ಎದ್ದು ನಿಂತ.

ಕೂರುವುದರ ಬಗ್ಗೆ ಒಂದು ಮುಖ್ಯವಾದ ವಿಚಾರ ನನಗೆ ಅಲ್ಲೇ ಹೊಳೆಯಿತು. ಅದನ್ನು ಹೇಳುವ ಮೊದಲು ಇದೇ ರೀಟ್‌ವೆಲ್ಡ್ ಉಟ್ರೆಕ್ಟ್ ಊರಲ್ಲಿ ಕಟ್ಟಿದ ಶ್ರೋಡರ್ ಮನೆಯ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ.

ಟ್ರೂಸ್ ಶ್ರೋಡರ್ ಎಂಬಾಕೆಗೆ ವಕೀಲ ಗಂಡ, ಮೂವರು ಮಕ್ಕಳು. ಮಕ್ಕಳನ್ನು ಬೆಳೆಸುವ ವಿಷಯದಲ್ಲಿ ಗಂಡಹೆಂಡಿರಿಗೆ ತಾಳಮೇಳವಿರಲಿಲ್ಲ. 1923ರಲ್ಲಿ ಗಂಡ ತೀರಿಕೊಂಡ ಮೇಲೆ ಆಕೆ ರೀಟ್‌ವೆಲ್ಡ್‌ನನ್ನು ಕರೆಸಿ ಮನೆ ಕಟ್ಟಿಸಿಕೊಂಡಳು. ದೊಡ್ಡವರು ಮಾತಾಡುವಾಗ ಮಕ್ಕಳು ಅಲ್ಲೇ ಇರಬೇಕು, ಮಹಡಿಯ ಮೇಲೆ ಎಲ್ಲರೂ ಒಟ್ಟಿಗೆ ಬದುಕಬೇಕು ಎಂಬುದು ಆಕೆಯ ಹಟ. 1924ರಲ್ಲಿ ಎದ್ದು ನಿಂತ ಮನೆಯ ಮಹಡಿಯಲ್ಲಿ ಹಗಲು ಗೋಡೆಯೇ ಇಲ್ಲ. ರಾತ್ರಿಯಾದರೆ ಹಲಗೆಗಳನ್ನು ಸರಿಸಿ ಹುಡುಗನಿಗೊಂದು, ಹುಡುಗಿಯರಿಗೊಂದು, ತನಗೊಂದು ಕೋಣೆ ಮಾಡಿಕೊಳ್ಳುವುದು. ಮೂಲೆಯ ಎರಡು ಕಿಟಕಿ ತೆರೆದರೆ ಮೂಲೆಯೇ ಮಾಯ, ನಡುವೆ ಕಂಬವಿಲ್ಲ. ಸಾಮಾನು ತರುವವರು ಕೆಳಗಿನಿಂದ ಮಾತಾಡಲು ಬಾಗಿಲ ಬಳಿ ಒಂದು ಕೊಳವೆ. ಗೋಡೆಯಿಲ್ಲದ ಮಹಡಿಗೆ ಪರವಾನಗಿ ಸಿಗಬೇಕಲ್ಲ? ನಕ್ಷೆಯಲ್ಲಿ ಅದಕ್ಕೆ 'ಅಟ್ಟ' ಎಂದು ಬರೆದರು. ನಗರಸಭೆಯನ್ನು ದಾಟಿಕೊಳ್ಳುವ ಈ ಪ್ರತಿಭೆ ನಮ್ಮ ಕಡೆಯದೇ ಎಂದುಕೊಂಡಿದ್ದೆ.

ನೋಡಿದವರೆಲ್ಲ ವಾಹ್ ಅನ್ನುತ್ತಾರೆ. ನನಗೆ ಮಾತ್ರ ದಿನಾ ರಾತ್ರಿ ಆ ಹಲಗೆ ಸರಿಸುತ್ತಿದ್ದವರು ಯಾರು ಎಂಬುದೇ ಚಿಂತೆ. ಒಂದು ಮಗುವಿಗೆ ಎಂಟಕ್ಕೇ ನಿದ್ದೆ, ಇನ್ನೊಂದಕ್ಕೆ ಓದುವುದಿದೆ, ಅಷ್ಟರಲ್ಲಿ ಯಾರೋ ನೆಂಟರು ಬಂದರು ಅನ್ನಿ. ಗೋಡೆ ಒಳಗೋ ಹೊರಗೋ? ಮನೆ ಪತ್ರಿಕೆಗಳ ನುಣುಪು ಹಾಳೆಯಲ್ಲಿ ಈ ಪ್ರಶ್ನೆ ಬರುವುದಿಲ್ಲ. ಅಲ್ಲಿ ಮನೆಯೊಳಗೆ ಮನುಷ್ಯರೇ ಇರುವುದಿಲ್ಲ. ಒಂದು ಹೂದಾನಿ, ಒಂದು ನಿಂಬೆಹಣ್ಣು. ಒದ್ದೆ ಟವೆಲ್ ಎಲ್ಲಿ ಹರವುತ್ತಾರೆಂದು ತೋರಿಸದ ವಾಸ್ತುಶಿಲ್ಪಿಯನ್ನು ನಾನು ಸುಲಭವಾಗಿ ನಂಬುವವನಲ್ಲ.

ಆದರೆ ಈ ಹೆಂಗಸು ನನ್ನ ವಾದಕ್ಕೆ ಅಡ್ಡ ಬರುತ್ತಾಳೆ. ಆಕೆ ಅದೇ ಮನೆಯಲ್ಲಿ 1985ರಲ್ಲಿ ಸಾಯುವವರೆಗೂ ಇದ್ದಳು, ಅರವತ್ತು ವರ್ಷ. ಹೆಂಡತಿ ತೀರಿಕೊಂಡ ಮೇಲೆ ರೀಟ್‌ವೆಲ್ಡ್ ಕೂಡ ಅಲ್ಲಿಗೇ ಬಂದ. ತಾನು ಕಟ್ಟಿದ ಪ್ರಯೋಗದೊಳಗೆ ತಾನೇ ಹೋಗಿ ಉಳಿದ, 1964ರಲ್ಲಿ ಸಾಯುವ ತನಕ. ಈ ಒಂದು ಕಾರಣಕ್ಕೆ ಅವನ ಕುರ್ಚಿಯನ್ನು ಅರ್ಧ ಕ್ಷಮಿಸಿದ್ದೇನೆ. ಮನೆ ಕಟ್ಟಿದಾಗ ಊರು ಅಲ್ಲಿಗೆ ಮುಗಿದು ಬಯಲು ಶುರುವಾಗುತ್ತಿತ್ತು. ಆ ಕಿಟಕಿಗಳೆಲ್ಲ ಆ ನೋಟಕ್ಕಾಗಿಯೇ. ಅರವತ್ತರ ದಶಕದಲ್ಲಿ ಅದರ ಮುಂದೆಯೇ ಎತ್ತರದ ಹೆದ್ದಾರಿ ಹಾದುಹೋಯಿತು. 2000ದಲ್ಲಿ ಯುನೆಸ್ಕೊ ಮನೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೆದ್ದಾರಿ ಇದ್ದಲ್ಲೇ ಇದೆ.

ಇಷ್ಟು ಹೊತ್ತಿಗೆ ನಾನು ಹೇಳಬೇಕೆಂದಿದ್ದ ವಿಚಾರ ಎತ್ತಲೋ ಜಾರಿಹೋಗಿದೆ. ಇರಲಿ.

ರೋಟರ್‌ಡಾಮ್‌ಗೂ ಹೋಗಿದ್ದೆವು. 1940ರ ಮೇ ತಿಂಗಳಲ್ಲಿ ಜರ್ಮನ್ನರ ಬಾಂಬಿಗೆ ನಡು ಊರೇ ನೆಲಸಮವಾದದ್ದರಿಂದ, ಆಮೇಲೆ ಬಂದವರಿಗೆಲ್ಲ ಕೈಚಳಕ ತೋರಿಸಲು ಬಯಲು ಸಿಕ್ಕಿತು. ಅವರಲ್ಲೊಬ್ಬ ಪೀಟ್ ಬ್ಲೊಮ್. 1984ರಲ್ಲಿ ಮುಗಿದ ಅವನ ಘನಾಕೃತಿಯ ಹಳದಿ ಮನೆಗಳು ಕಂಬದ ಮೇಲೆ ಓರೆಯಾಗಿ ನಿಂತಿವೆ, ಯಾರೋ ಪಗಡೆ ದಾಳಗಳನ್ನು ಮೂಲೆ ಕೆಳಗಾಗಿ ನಿಲ್ಲಿಸಿದ ಹಾಗೆ. ಒಂದೊಂದು ಮನೆಯೂ ಒಂದು ಮರ, ಒಟ್ಟು ಸೇರಿ ಕಾಡು ಎಂಬುದು ಅವನ ಕಲ್ಪನೆ. ಒಂದು ಮನೆಯನ್ನು ಟಿಕೆಟ್ ಇಟ್ಟು ತೋರಿಸುತ್ತಾರೆ. ಒಳಗೆ ಗೋಡೆ ಎಲ್ಲ ಕಡೆ ವಾಲಿದೆ. ನೂರು ಚದರ ಮೀಟರ್ ನೆಲ ಎಂಬುದು ಲೆಕ್ಕ. ಅದರಲ್ಲಿ ಕಾಲು ಭಾಗ ತಲೆ ತಾಗುವ ಜಾಗ. ನನ್ನ ಹೆಂಡತಿ ಸುತ್ತ ನೋಡಿ, "ರೀ, ಇಲ್ಲಿ ಬೀರು ಎಲ್ಲಿಡ್ತಾರೆ?" ಎಂದಳು. ಬೀರುವಿಲ್ಲ, ವಾಲಿದ ಗೋಡೆಗೆ ತಕ್ಕಂತೆ ಕೊಯ್ದು ಕೂಡಿಸಿದ ಕಪಾಟುಗಳಿವೆ. ಅಂದರೆ ಮನೆ ಬಿಟ್ಟು ಹೋಗುವಾಗ ಕಪಾಟನ್ನೂ ಬಿಟ್ಟು ಹೋಗಬೇಕು.

ಕೊನೆಯ ದಿನ ಮಗಳು ಆಮ್‌ಸ್ಟರ್‌ಡಾಮಿನ ಹೊರವಲಯಕ್ಕೆ ಕರೆದುಕೊಂಡು ಹೋದಳು. 1997ರಲ್ಲಿ ಎಂವಿಆರ್‌ಡಿವಿ ಎಂಬ ವಾಸ್ತುಶಿಲ್ಪಿಗಳ ಕಚೇರಿ ಕಟ್ಟಿದ ವೊಝೊಕೊ ಎಂಬ ವಸತಿ. ಬೇಕಾದದ್ದು ನೂರು ಫ್ಲಾಟು. ನಿಯಮದ ಪ್ರಕಾರ ಬಿಸಿಲು ಬೆಳಕು ನೋಡಿ ಕಟ್ಟಿದರೆ ಹಿಡಿಸಿದ್ದು ಎಂಬತ್ತೇಳು. ಮಿಕ್ಕ ಹದಿಮೂರನ್ನು ಏನು ಮಾಡಿದರು ಅಂತೀರಿ? ಪೆಟ್ಟಿಗೆಗಳ ಹಾಗೆ ಕಟ್ಟಡದ ಉತ್ತರದ ಗೋಡೆಯಿಂದ ಹೊರಕ್ಕೆ ಗಾಳಿಯಲ್ಲಿ ಚಾಚಿಬಿಟ್ಟರು. ಕೆಳಗೆ ಒಂದು ಕಂಬವೂ ಇಲ್ಲ. ಯಾರ ವಾಸಕ್ಕೆ? ಐವತ್ತೈದು ದಾಟಿದವರಿಗೆ! ಗಾಳಿಯಲ್ಲಿ ನೇತುಹಾಕಲು ಇವರಿಗೆ ವಯಸ್ಸಾದವರೇ ಬೇಕಿತ್ತೇ ಎಂದು ನಾನು ರೇಗಿದೆ.

"ಮರದ ಹಲಗೆ ಹೊದಿಸಿದ್ದಾರೆ, ನೋಡೋಕೆ ಚೆನ್ನಾಗೇ ಇದೆ," ಎಂದಳು ಹೆಂಡತಿ. "ಅಪ್ಪ, ಒಳಗೆ ಉಕ್ಕಿನ ಚೌಕಟ್ಟಿದೆ, ಏನೂ ಆಗಲ್ಲ," ಎಂದಳು ಮಗಳು.

ನಾನು ಕೇಳಿದ್ದು ಅದಲ್ಲ. ಲಿಫ್ಟ್ ಕೆಟ್ಟ ದಿನ ಏನು ಮಾಡುತ್ತಾರೆ?