ಕ್ಯಾಮೆರಾಕ್ಕೊಂದು ಕೌಪೀನ

ಹಗುರ ಅಂತಲೇ ನಾನು ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ ಕೊಂಡಿದ್ದು. ಬ್ಯಾಟರಿ ಸೇರಿ 400 ಗ್ರಾಂ ಚಿಲ್ಲರೆ. ಅಮ್ಮನ ತರಕಾರಿ ಚೀಲದಲ್ಲಿ ಸೊಪ್ಪಿನ ಪಕ್ಕ ಆರಾಮಾಗಿ ಕೂರುತ್ತಿತ್ತು. ಈಗ ಅದನ್ನೇ ಚಕ್ಕುಲಿ ಹಿಟ್ಟು ತೂಗುವ ತಕ್ಕಡಿ ಮೇಲಿಟ್ಟರೆ 1 ಕೆಜಿ 600 ಗ್ರಾಂ ತೋರಿಸುತ್ತದೆ.

ಶುರುವಾಗಿದ್ದು ಬಿಸಿಲಿನಿಂದ. ಲಾಲ್‌ಬಾಗ್‌ನಲ್ಲಿ ಮಟಮಟ ಮಧ್ಯಾಹ್ನ ಹೂವಿನ ವಿಡಿಯೋ ಮಾಡಲು ಹೋಗಿದ್ದೆ. ಕ್ಯಾಮೆರಾದ 3 ಇಂಚಿನ ಸ್ಕ್ರೀನಿನಲ್ಲಿ ಕಂಡಿದ್ದು ನನ್ನದೇ ಮುಖ. ಮನೆಗೆ ಬಂದು ನೋಡಿದರೆ ಹಿಂದಿನ ಬೇಲಿ ಸ್ಪಷ್ಟ, ಹೂವು ಮಸುಕು. ಗೆಳೆಯ ಹೇಳಿದ, "ಕ್ಯಾಮೆರಾ ಮೇಲೆ ಒಂದು ಮಾನಿಟರ್, ಅಂದ್ರೆ ದೊಡ್ಡ ಸ್ಕ್ರೀನ್, ಹಾಕ್ಕೋ ಗುರು, ಎಲ್ಲ ಸರಿಹೋಗುತ್ತೆ."

ಮಾನಿಟರ್ ಆರಿಸುವುದು ಅಂದರೆ ಗಂಡು ನೋಡಿದ ಹಾಗೆ. ಎಲ್ಲರೂ ಗುಣವಂತರೇ, ಒಳಗಿನದು ಆಮೇಲೆ ಗೊತ್ತಾಗೋದು. 7 ಇಂಚಿನದು ಚೆನ್ನಾಗಿ ಕಾಣುತ್ತದೆ, ಆದರೆ ಪುಟ್ಟ ಕ್ಯಾಮೆರಾ ತಲೆ ಮೇಲೆ ಕೂರಿಸಿದರೆ ಮಗು ತಲೆಗೆ ಅಜ್ಜನ ಪೇಟ ಇಟ್ಟಂತೆ. 5.5 ಇಂಚು ಸಾಕು ಅಂದುಕೊಂಡೆ. ಇನ್ನು ಬೆಳಕಿನ ಲೆಕ್ಕ, ಅಂದರೆ ನಿಟ್ಸ್. ಅಗ್ಗದವು 400-450 ನಿಟ್ಸ್ ಇರುತ್ತವೆ, ಮನೆಯೊಳಗೆ ಪರವಾಗಿಲ್ಲ. ಬಿಸಿಲಿಗೆ 1000 ಆದರೂ ಬೇಕು. ಜಾಸ್ತಿ ದುಡ್ಡು ಸುರಿದು 1000ದ್ದೇ ತಂದೆ. ಡಬ್ಬದಲ್ಲಿ ಬ್ಯಾಟರಿ ಇರಲಿಲ್ಲ. ಮದುವೆ ಮನೆಯ ವಿಡಿಯೋದವರು ಲೈಟಿಗೆ ಸಿಕ್ಕಿಸುತ್ತಾರಲ್ಲ, ಆ ದಪ್ಪನೆಯ ಎನ್‌ಪಿ-ಎಫ್ ಬ್ಯಾಟರಿ, ಅದನ್ನು ಬೇರೆ ಕೊಳ್ಳಬೇಕು.

ಆಮೇಲೆ ಕ್ಯಾಮೆರಾದ ಚಿತ್ರವನ್ನು ಮಾನಿಟರಿಗೆ ಒಯ್ಯುವ ವೈರು. ಮಿನಿ ಎಚ್‌ಡಿಎಂಐ ತಂದೆ. ಕ್ಯಾಮೆರಾಕ್ಕೆ ಬೇಕಿದ್ದದ್ದು ಮೈಕ್ರೋ. ಮಿನಿ ಇಡ್ಲಿ ತಿಂದು ಬೆಳೆದ ನನಗೆ ಮಿನಿಗಿಂತ ಚಿಕ್ಕದೊಂದು ಇದೆ ಅಂತ ಹೇಗೆ ಹೊಳೆಯಬೇಕು? ಎಸ್‌ಪಿ ರೋಡಿನ ಅಂಗಡಿಯವನು ನನ್ನನ್ನು ಕನಿಕರದಿಂದ ನೋಡಿ, "ಸಾರ್, ಇನ್ನೊಂದ್ಸಲ ಬರೋವಾಗ ಕ್ಯಾಮೆರಾನೇ ತಂದ್ಬಿಡಿ" ಅಂದ.

ಮಾನಿಟರನ್ನು ಹಾಟ್ ಶೂ, ಅಂದರೆ ಕ್ಯಾಮೆರಾ ತಲೆ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗದಲ್ಲಿ ಸಿಕ್ಕಿಸಿದೆ. ಹಾಗಾದರೆ ಮೈಕ್ ಎಲ್ಲಿಗೆ? ಅದಕ್ಕೇ ಕೇಜ್. ಹೆಸರೇ ಹೇಳುವಂತೆ ಅಲ್ಯೂಮಿನಿಯಂ ಪಂಜರ. ಮೈತುಂಬ ತೂತು, ಯಾವ ತೂತಿಗೆ ಬೇಕಾದರೂ ಏನಾದರೂ ತಗುಲಿಸಬಹುದು. ಆದರೆ ಕೇಜು ರವಿಕೆ ಇದ್ದ ಹಾಗೆ, ಒಬ್ಬರದ್ದು ಇನ್ನೊಬ್ಬರಿಗೆ ಆಗಲ್ಲ. ಮಾಡೆಲ್ ನಂಬರಿನ ಒಂದೇ ಒಂದು ಅಂಕಿ ತಪ್ಪು ಓದಿ ತರಿಸಿದೆ. ಕ್ಯಾಮೆರಾ ಒಳಗೆ ಹೋಯಿತು, ಬ್ಯಾಟರಿ ಬಾಗಿಲು ತೆರೆಯಲಿಲ್ಲ. ವಾಪಸ್ ಕಳಿಸಿ ಇನ್ನೊಂದು ತರಿಸಿದ್ದಾಯಿತು. ತೂಕ ಹೆಚ್ಚಿದ್ದಕ್ಕೆ ಮೇಲೊಂದು ಹ್ಯಾಂಡಲ್, ವೈರು ಕಳಚದಿರಲು ಕ್ಲ್ಯಾಂಪ್.

ಇಲಿಯಿಂದ ಕೌಪೀನ ಉಳಿಸಲು ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸುವಿಗೆ ಹುಲ್ಲು ಹಾಕಲು ಹೆಂಡತಿ ಅಂತ ಸಂಸಾರಕ್ಕೆ ಬಿದ್ದ ಸನ್ಯಾಸಿಯ ಕಥೆ ಗೊತ್ತಲ್ಲ. ನಾನು ಆಗ ಹಸುವಿನ ಹಂತದಲ್ಲಿದ್ದೆ.

ಕೇಜಿನ ತಳದ ಕಾಲಿಂಚಿನ ಸ್ಕ್ರೂ ಬಿಗಿ ಮಾಡಲು ಚಪ್ಪಟೆ ನಾಣ್ಯ ಬೇಕು. ನನ್ನ ಕೈಗೆ ಸಿಕ್ಕ ನಾಣ್ಯ ಯಾವುದೂ ಆ ಸೀಳಿಗೆ ಇಳಿಯಲಿಲ್ಲ. 2011ರಲ್ಲೇ ಚಲಾವಣೆ ನಿಂತ ನಾಲ್ಕಾಣೆಯೊಂದು ಅಮ್ಮನ ದೇವರ ಮನೆಯ ಕುಂಕುಮದ ಭರಣಿ ಪಕ್ಕ ಇತ್ತು. ತಂದು ಇಟ್ಟರೆ, ಅದಕ್ಕೆಂದೇ ಮಾಡಿದಂತೆ ಕೂತಿತು. ಜೇಬಿಗೆ ಹಾಕಿಕೊಂಡೆ.

ಈ ಸಕಲ ವೈಭವದೊಂದಿಗೆ ತುಮಕೂರಿನಲ್ಲಿ ಚಿಕ್ಕಮ್ಮನ ಮನೆ ಗೃಹಪ್ರವೇಶಕ್ಕೆ ಹೋದೆ. ಮುಹೂರ್ತ ಬೆಳಗಿನ ಜಾವ. ಬಿಸಿಲಿಗೆಂದು ತಂದ 1000 ನಿಟ್ಸ್ ಆ ಕತ್ತಲಲ್ಲಿ ನನ್ನ ಮುಖಕ್ಕೇ ಹೊಡೆಯುತ್ತಿತ್ತು. ಭಟ್ಟರು, "ಆ ಟೀವಿ ಸ್ವಲ್ಪ ಆಚೆ ಹಿಡೀರಪ್ಪ" ಅಂದರು.

ಹಾಲು ಉಕ್ಕುವ ಹೊತ್ತು. ರೆಕಾರ್ಡ್ ಒತ್ತಿದೆ. ಮಾನಿಟರಿನಲ್ಲಿ ಕೆಂಪು ಗುರುತು ಬರಲಿಲ್ಲ. ಆನ್ ಆಗಿಲ್ಲವೇನೋ ಅಂತ ಇನ್ನೊಮ್ಮೆ ಒತ್ತಿದೆ. ಆಗಲೂ ಇಲ್ಲ. ಅಷ್ಟರಲ್ಲಿ ಹಾಲು ಭುಸ್ಸೆಂದು ಉಕ್ಕಿತು. ಏನಾದರೂ ಆಗಲಿ ಅಂತ ಹಿಡಿದೇ ನಿಂತೆ. ಉಕ್ಕಿ ಮುಗಿದ ಮೇಲೆ ನಿಲ್ಲಿಸಲೆಂದು ಮತ್ತೆ ಒತ್ತಿದೆ. ಕೇಜ್ ಅಲ್ಲಾಡುತ್ತಿತ್ತು. ನಾಲ್ಕಾಣೆ ತೆಗೆದು ಸ್ಕ್ರೂ ಬಿಗಿ ಮಾಡಿ, ಕ್ಯಾಮೆರಾ ಅಡುಗೆ ಕಟ್ಟೆ ಮೇಲಿಟ್ಟು ಕಾಫಿಗೆ ಹೋದೆ.

ತಿಂಡಿ ಹೊತ್ತಿಗೆ ಜಗಳ ಶುರುವಾಯಿತು. ಹಾಲು ಮೊದಲು ಉಕ್ಕಿದ್ದು ಪೂರ್ವಕ್ಕೆ ಅಂತ ಚಿಕ್ಕಮ್ಮ, ಅಲ್ಲ ದಕ್ಷಿಣಕ್ಕೆ ಅಂತ ಅವರ ನಾದಿನಿ. ಚಿಕ್ಕಮ್ಮನಿಗೆ ಇನ್ನೊಂದು ಸಂಕಟವೂ ಇತ್ತು. "ಯಾರೋ ಪುಣ್ಯಾತ್ಮರು ಆರತಿ ತಟ್ಟೆಗೆ ನಾಲ್ಕಾಣೆ ಹಾಕಿದ್ದಾರೆ ಕಣೇ. ಈ ಕಾಲದಲ್ಲೂ ಇಂಥ ಜಿಪುಣರಾ!" ನಾನು ಮೆಲ್ಲಗೆ ಜೇಬು ಮುಟ್ಟಿ ನೋಡಿಕೊಂಡೆ.

"ವಿಡಿಯೋ ಇದೆಯಲ್ಲ, ಟೀವಿಗೆ ಹಾಕೋ" ಅಂದರು ಚಿಕ್ಕಪ್ಪ.

ಕೆಂಪು ಗುರುತು ಯಾಕೆ ಬರಲಿಲ್ಲ ಅನ್ನುವುದು ಆಗ ನೆನಪಾಯಿತು. ಸ್ಕ್ರೀನ್ ತುಂಬ ಅಕ್ಷರ ಗಲೀಜಾಗಿ ಕಾಣುತ್ತೆ ಅಂತ ಹಿಂದಿನ ರಾತ್ರಿ ನಾನೇ ಮೆನುವಿಗೆ ಹೋಗಿ, ಎಚ್‌ಡಿಎಂಐ ಇನ್ಫೋ ಡಿಸ್‌ಪ್ಲೇ ಅನ್ನುವುದನ್ನು ಆಫ್ ಮಾಡಿದ್ದೆ. ಆಫ್ ಆದರೆ ಮಾನಿಟರಿಗೆ ಬರೀ ಚಿತ್ರ ಹೋಗುತ್ತದೆ, ರೆಕಾರ್ಡ್ ಗುರುತು ಹೋಗಲ್ಲ. ಅಂದರೆ ನಾನು ಮೊದಲ ಸಲ ಒತ್ತಿದಾಗ ಶುರುವಾಗಿತ್ತು, ಎರಡನೆಯದಕ್ಕೆ ನಿಂತಿತ್ತು, ಮೂರನೆಯದಕ್ಕೆ ಮತ್ತೆ ಶುರುವಾಗಿತ್ತು.

ಟೀವಿಯಲ್ಲಿ ಮೊದಲು ಬಂದಿದ್ದು ಮೂರು ಸೆಕೆಂಡು, ಇನ್ನೂ ಉಕ್ಕದ ಹಾಲು. ಆಮೇಲೆ ತಲೆಕೆಳಗಾದ ಭಟ್ಟರು, ಗರಗರ ತಿರುಗಿದ ಸೂರು, ನನ್ನ ಗೊಣಗಾಟ. ಕೊನೆಗೆ ಕ್ಯಾಮೆರಾ ಕಟ್ಟೆ ಮೇಲೆ ನಿಂತಿತು. ಎದುರಿಗೇ ಆರತಿ ತಟ್ಟೆ. ಪಕ್ಕದಿಂದ ನನ್ನ ಕೈ ಬಂತು, ಬೆರಳಲ್ಲಿ ಉಂಗುರ ಸಮೇತ. ನಾಲ್ಕಾಣೆಯನ್ನು ನೋಟುಗಳ ನಡುವೆ ಇಟ್ಟು ಹೋಯಿತು.

ಫೋಕಸ್ ಮಾತ್ರ ಅದ್ಭುತ. ನಾಣ್ಯದ ಮೇಲಿನ '25' ಕೂಡ ಓದಬಹುದಿತ್ತು.

ಚಿಕ್ಕಮ್ಮ ಟೀವಿ ನೋಡಿದರು, ನನ್ನ ನೋಡಿದರು, ಕ್ಯಾಮೆರಾ ನೋಡಿದರು.

"ಇದಕ್ಕೆಲ್ಲ ಎಷ್ಟು ಸುರಿದೆಯೋ?"