ಹನ್ನೆರಡು ಗೆಣ್ಣು

ಅಕ್ಕನ ಮಗ 'ಹೌಸ್ ಮ್ಯೂಸಿಕ್' ಅಂದಾಗ, ಮನೆಯಲ್ಲಿ ಆರಾಮಾಗಿ ಕೂತು ಕೇಳುವ ಸಂಗೀತವಿರಬೇಕು ಅಂದುಕೊಂಡಿದ್ದೆ. ಅದು ಕೂತು ಕೇಳುವಂಥದ್ದಲ್ಲ, ಮನೆಯದ್ದೂ ಅಲ್ಲ. ಶಿಕಾಗೋದಲ್ಲಿ ವೇರ್‌ಹೌಸ್ ಅಂತ ಒಂದು ಕ್ಲಬ್ಬಿತ್ತು. 1970ರ ದಶಕದ ಕೊನೆಯಲ್ಲಿ ಫ್ರಾಂಕಿ ನಕಲ್ಸ್ ಎಂಬ ಡಿಜೆ ಅಲ್ಲಿ ಜನರನ್ನು ಬೆಳಗಿನ ತನಕ ಕುಣಿಸುತ್ತಿದ್ದ. ಆ ಕ್ಲಬ್ಬಿನ ಹೆಸರಿನ ಬಾಲವೇ ಈ ಸಂಗೀತಕ್ಕೆ ಅಂಟಿಕೊಂಡಿತು ಎನ್ನುತ್ತಾರೆ. ಲೆಕ್ಕಕ್ಕೆ ನಾವು ಇದನ್ನು ಉಗ್ರಾಣ ಸಂಗೀತ ಅನ್ನಬೇಕು.

"ಮಾವ, ಇದೊಂದು ಕೇಳಿ" ಅಂತ ಹುಡುಗ ಹಾಕಿದ್ದು 'ಅರೌಂಡ್ ದ ವರ್ಲ್ಡ್'. ಡಾಫ್ಟ್ ಪಂಕ್ ಎಂಬ ಪ್ಯಾರಿಸ್ಸಿನ ಜೋಡಿ 1997ರಲ್ಲಿ ಸಿಂಗಲ್ಲಾಗಿ, ಅಂದರೆ ಬಿಡಿ ಹಾಡಾಗಿ, ಹೊರತಂದದ್ದು. ಆಲ್ಬಮ್ಮಿನ ಹೆಸರು 'ಹೋಮ್‌ವರ್ಕ್'. ಜೋಡಿಯಲ್ಲೊಬ್ಬನಾದ ಥಾಮಸ್ ಬಂಗಾಲ್ತೆರ್‌ನ ಮನೆಯಲ್ಲೇ ಸಾಮಾನು ಜೋಡಿಸಿಕೊಂಡು ಮಾಡಿದ್ದರಂತೆ. ಅಂದರೆ ನನ್ನ ಮೊದಲ ಊಹೆ ಪೂರ್ತಿ ಸುಳ್ಳಲ್ಲ.

ಹಾಡು ಶುರುವಾಯಿತು. ಮೂರು ಇಂಗ್ಲಿಷ್ ಪದ, ಯಂತ್ರದ ಗಂಟಲು. ಮತ್ತೆ ಅದೇ ಮೂರು ಪದ. ಚರಣ ಈಗ ಬರುತ್ತೆ, ಆಗ ಬರುತ್ತೆ ಅಂತ ಕಾದೆ. ಬರಲೇ ಇಲ್ಲ. ಪಲ್ಲವಿಯೇ ಊಟ, ಪಲ್ಲವಿಯೇ ಉಪ್ಪಿನಕಾಯಿ. ಏಳು ನಿಮಿಷ ಮೀರಿದ ಆಲ್ಬಮ್ ಆವೃತ್ತಿಯಲ್ಲಿ ಆ ಮೂರು ಪದ 144 ಸಲ ಬರುತ್ತದೆ. ರೇಡಿಯೋಗೆಂದು ಮೊಟಕು ಮಾಡಿದ್ದರಲ್ಲಿ 80 ಸಲ. ಈ ಸಂಖ್ಯೆ ಗೊತ್ತಾದ ಮೇಲೆ ನಾನೇ ಎಣಿಸಿ ನೋಡಬೇಕು ಅನ್ನಿಸಿತು. ಎರಡು ಸಲ ಕೂತೆ, ಎರಡು ಸಲವೂ ತೊಂಬತ್ತರ ಹತ್ತಿರ ತಪ್ಪಿದೆ. ಕೆಳಗೆ ಬೇಸ್ ಗಿಟಾರು ಮೆಲ್ಲಗೆ ನಡೆಯುತ್ತಿರುತ್ತದಲ್ಲ, ಅದು ಲೆಕ್ಕವನ್ನು ಜೇಬಿಗೆ ಹಾಕಿಕೊಂಡು ಹೋಗಿಬಿಡುತ್ತಿತ್ತು.

ಅಕ್ಕ ದೇವರ ಮನೆಯ ಹೊಸ್ತಿಲಲ್ಲಿ ಹೂ ಕಟ್ಟುತ್ತಾ ಎಲ್ಲ ನೋಡುತ್ತಿದ್ದಳು. "ಎಷ್ಟು ಸಲವಂತೆ?" ಅಂದಳು. ಹೇಳಿದೆ.

"ಅದಕ್ಯಾಕೋ ಒದ್ದಾಡ್ತೀಯ? ಬಲಗೈ ಬೆರಳಿಗೆ ಮೂರು ಗೆಣ್ಣು, ನಾಲ್ಕು ಬೆರಳಿಗೆ ಹನ್ನೆರಡು. ಹೆಬ್ಬೆರಳಲ್ಲಿ ಮುಟ್ಕೊಂಡು ಹೋಗು. ಒಂದು ಸುತ್ತಾದ್ರೆ ಎಡಗೈಲಿ ಒಂದು ಗೆಣ್ಣು. ಎಡಗೈದೂ ಹನ್ನೆರಡು ಮುಗಿದ್ರೆ ನಿನ್ನ ಹಾಡೂ ಮುಗೀತು."

ಹನ್ನೆರಡು ಹನ್ನೆರಡಲಿ ನೂರ ನಲವತ್ತನಾಲ್ಕು! ಮಗ್ಗಿ ಬಾಯಿಗೆ ಬರುತ್ತಿತ್ತು, ಕೈಗೆ ಬಂದಿರಲಿಲ್ಲ. ಪ್ಯಾರಿಸ್ಸಿನ ಹುಡುಗರು ಗೆಣ್ಣು ಎಣಿಸಿ ಹಾಡು ಕಟ್ಟಿದರೆಂದು ನಾನೇನೂ ಹೇಳುತ್ತಿಲ್ಲ. ಆದರೂ ಎರಡು ಅಂಗೈಗಳಲ್ಲಿ ಒಂದೂ ಮಿಗದಂತೆ, ಒಂದೂ ಸಾಲದಂತಾಗದೆ ಹಿಡಿಸುವ ಹಾಡು ಇನ್ನೊಂದು ನನಗೆ ಸಿಕ್ಕಿಲ್ಲ.

ಆದರೆ ಹಾಡು ನಿಜವಾಗಿ ಕೇಳಿಸಿದ್ದು ವಿಡಿಯೋ ನೋಡಿದ ಮೇಲೆ. ನಿರ್ದೇಶಕ ಮಿಷೆಲ್ ಗೊಂದ್ರಿ. ನೃತ್ಯ ಕೂಡಿಸಿದವರು ಸ್ಪೇನಿನ ಬ್ಲಾಂಕಾ ಲಿ. ಗ್ರಾಮಫೋನ್ ತಟ್ಟೆಯಂಥ ದುಂಡು ವೇದಿಕೆ, ಹಿಂದೆ ಬಣ್ಣದ ದೀಪ. ಕಥೆಯಿಲ್ಲ, ನಾಯಕ ನಾಯಕಿಯರಿಲ್ಲ. ಐದು ಪಂಗಡ, ಪಂಗಡಕ್ಕೆ ನಾಲ್ಕು ಜನ. ಒಂದೊಂದು ಪಂಗಡಕ್ಕೆ ಹಾಡಿನ ಒಂದೊಂದು ವಾದ್ಯ ವಹಿಸಿಕೊಟ್ಟಿದ್ದಾನೆ. ತಟ್ಟೆಯ ಮೇಲೆ ಸುತ್ತು ಹಾಕುವ ರೋಬೋಗಳು ಹಾಡುವ ದನಿ. ಮೈಗೆಲ್ಲ ಬ್ಯಾಂಡೇಜು ಸುತ್ತಿದ ಮಮ್ಮಿಗಳು ಡ್ರಮ್ ಮೆಷೀನು. ಅಸ್ಥಿಪಂಜರಗಳು ಗಿಟಾರು. ಈಜುಡುಗೆಯವರ ಹಾಗೆ ಕಾಣುವ ಹುಡುಗಿಯರು ಕೀಬೋರ್ಡು. ಕೀಚಲು ಸ್ವರ ಬಂದಾಗ ಅವರ ಸರದಿ, ಇಲ್ಲದಾಗ ಸುಮ್ಮನೆ. ಇನ್ನು ನಾಲ್ವರು ಎತ್ತರದ ಕ್ರೀಡಾಪಟುಗಳು. ಟ್ರ್ಯಾಕ್‌ಸೂಟು, ಭುಜದ ಮೇಲೆ ನಿಂಬೆಹಣ್ಣಿಟ್ಟಂತೆ ಪುಟಾಣಿ ತಲೆ. ಇವರೇ ಬೇಸ್ ಗಿಟಾರು. ಸ್ವರ ಏರಿದರೆ ಮೆಟ್ಟಿಲು ಹತ್ತುತ್ತಾರೆ, ಇಳಿದರೆ ಇಳಿಯುತ್ತಾರೆ. ಬೆಳಗಿಂದ ಬೈಗಿನ ತನಕ ಇದೇ ಕೆಲಸವೇನೋ ಎಂಬಂಥ ಶ್ರದ್ಧೆ.

ಒಟ್ಟು ಇಪ್ಪತ್ತು ಜನ, ಒಬ್ಬರು ಇನ್ನೊಬ್ಬರ ಕೆಲಸಕ್ಕೆ ಕೈ ಹಾಕುವುದಿಲ್ಲ. ನಮ್ಮ ಮದುವೆ ಮನೆಗಳಲ್ಲಿ ಇಪ್ಪತ್ತೂ ಜನ ತೆಂಗಿನಕಾಯಿ ಚೀಲದ ಸುತ್ತ ನಿಂತಿರುತ್ತಾರೆ, ತಾಂಬೂಲ ಕೊಡುವುದಕ್ಕೆ ಯಾರೂ ಇರುವುದಿಲ್ಲ.

ನಾನು ವಿಡಿಯೋ ಪೂರ್ತಿ ಕೀಬೋರ್ಡ್ ಹುಡುಗಿಯರನ್ನೇ ನೋಡುತ್ತಾ ಕೂತೆ. ತಪ್ಪು ತಿಳಿಯಬೇಡಿ, ಆ ಸ್ವರ ಯಾವಾಗ ಬರುತ್ತದೆಂದು ಕಾಯುವುದಕ್ಕೆ. ಮಾರನೆಯ ದಿನ ಬರೀ ಮಮ್ಮಿಗಳನ್ನು ನೋಡಿದೆ, ಬರೀ ಡ್ರಮ್ಮು ಕೇಳಿಸಿತು. ಕಣ್ಣು ಬೆರಳು ಹಿಡಿದು ಕಿವಿಯನ್ನು ಕರೆದುಕೊಂಡು ಹೋಗುತ್ತಿತ್ತು. ಸಂಗೀತ ಗೊತ್ತಿದ್ದವರಿಗೆ ಇದರ ಅಗತ್ಯವಿಲ್ಲದಿರಬಹುದು. ರಾಗ ಕಂಡುಹಿಡಿಯಲು ಪಕ್ಕದವರ ಮುಖ ನೋಡುವ ನನ್ನಂಥವನಿಗೆ ಮೂಳೆಗೂಡೊಂದು ಬಂದು 'ನಾನೇ ಗಿಟಾರು' ಅಂತ ಪರಿಚಯ ಹೇಳಿಕೊಂಡದ್ದು ದೊಡ್ಡ ಉಪಕಾರ.

ತೊಂದರೆ ಒಂದೇ. ಈಗ ನನಗೆ ಮೆಟ್ಟಿಲು ಬರೀ ಮೆಟ್ಟಿಲಾಗಿ ಉಳಿದಿಲ್ಲ. ಮೊನ್ನೆ ಲಿಫ್ಟ್ ಕೆಟ್ಟಿತ್ತು. ತರಕಾರಿ ಚೀಲ ಹಿಡಿದು ಹತ್ತುತ್ತಿದ್ದವನೊಳಗೆ ಬೇಸ್ ಗಿಟಾರು ಎದ್ದುಬಿಟ್ಟಿತು. ಏರುವ ಸ್ವರಕ್ಕೆ ಸಲೀಸಾಗಿ ಎರಡನೇ ಮಹಡಿ ಮುಟ್ಟಿದೆ. ಅಲ್ಲಿ ಸ್ವರ ಇಳಿಯತೊಡಗಿತು. ಕಾಲೂ ಇಳಿಯಿತು, ನಾಲ್ಕು ಮೆಟ್ಟಿಲು.

ಬಾಗಿಲಲ್ಲಿ ನಿಂತಿದ್ದ ಎರಡನೇ ಮಹಡಿಯ ಆಂಟಿ ನೋಡಿಯೇಬಿಟ್ಟರು. "ಏನಾದ್ರೂ ಮರೆತ್ರಾ?"

"ಹೌದು, ಕೊತ್ತಂಬರಿ ಸೊಪ್ಪು" ಅಂದೆ. ಚೀಲದ ಬಾಯಿಂದ ಹಸಿರು ಕಟ್ಟು ಅರ್ಧಕ್ಕರ್ಧ ಹೊರಗೆ ಇಣುಕುತ್ತಿತ್ತು.