ಎರಡೂ ಕಡೆ ವೋಟು ಹಾಕಿದ ನಮ್ಮತ್ತೆ

ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ "ಇವತ್ತು ನೀರು ಎಷ್ಟೊತ್ತಿಗೆ ಬರುತ್ತೆ?" ಅಂತ ಕೇಳೋಕೂ ಧೈರ್ಯ ಬೇಕು. ಉತ್ತರಹಳ್ಳಿ ಕಡೆ ಇರೋ ಬಿಲ್ಡಿಂಗು, ಎರಡು ಬ್ಲಾಕು, 84 ಮನೆ, ಒಂದು ಗ್ರೂಪು. ಒಂದು ಅನ್ನೋದು ಆಗಿನ ಲೆಕ್ಕ, ಈಗಿಂದು ಆಮೇಲೆ ಹೇಳ್ತೀನಿ. ಎರಡನೇ ಫ್ಲೋರಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಹುಡುಗಿ, ಸ್ಕೂಲ್ ಟೀಚರ್, ಪಾಪ ಇಲ್ಲಿನ ವಿಷ್ಯ ಗೊತ್ತಿಲ್ದೆ ಕೇಳೇಬಿಟ್ಲು. ಎರಡು ನಿಮಿಷದಲ್ಲಿ ಉತ್ತರ ಬಂತು: "ಮೊದಲನೆಯದಾಗಿ ತಾವು ಓನರೋ ಟೆನೆಂಟೋ ಸ್ಪಷ್ಟಪಡಿಸಿ. ಎರಡನೆಯದಾಗಿ ನೋಟಿಸ್ ಬೋರ್ಡ್ ಓದುವ ಅಭ್ಯಾಸ ಇಟ್ಟುಕೊಳ್ಳಿ. ಮೂರನೆಯದಾಗಿ ಈ ಗ್ರೂಪ್ ಟೈಂಪಾಸ್‌ಗೆ ಅಲ್ಲ." ನೀರು ಎಷ್ಟೊತ್ತಿಗೆ ಅನ್ನೋದು ಮಾತ್ರ ಈ ಮೂರರಲ್ಲಿ ಎಲ್ಲೂ ಇಲ್ಲ.

ಬರೆದೋರು ನಮ್ಮ ಬಿ ಬ್ಲಾಕ್ ಸಾಹೇಬ್ರು. ಯಾವುದೋ ದೊಡ್ಡ ಪೋಸ್ಟಲ್ಲಿದ್ದು ರಿಟೈರ್ ಆದೋರು, ಮೆಸೇಜುಗಳು ಈಗ್ಲೂ ಆಫೀಸ್ ಮೆಮೊ ಥರಾನೇ ಬರೋದು, ಕೊನೇಲಿ "ವಿಷಯವನ್ನು ಗಂಭೀರವಾಗಿ ಪರಿಗಣಿಸಲಾಗುವುದು" ಅಂತ ಒಂದು ಸಾಲು ಗ್ಯಾರಂಟಿ. ಯಾರು ಪರಿಗಣಿಸ್ತಾರೆ ಅಂತ ಕೇಳೋ ಹಾಗಿಲ್ಲ. ಇದೇ ಮನುಷ್ಯ ಲಿಫ್ಟಲ್ಲಿ ಸಿಕ್ಕಿದ್ರೆ ನೀವು ನಂಬಲ್ಲ, ನಮ್ಮತ್ತೆ ನಿಧಾನಕ್ಕೆ ನಡ್ಕೊಂಡು ಬರೋವರೆಗೂ ಬಾಗಿಲು ಹಿಡ್ಕೊಂಡು ನಿಂತಿರ್ತಾರೆ, "ಅಮ್ಮಾ, ಮಂಡಿ ನೋವು ಹೇಗಿದೆ" ಅಂತ ವಿಚಾರಿಸ್ತಾರೆ, ನಾಕನೇ ಫ್ಲೋರ್ ಮಗುಗೆ ಜೇಬಿಂದ ಚಾಕ್ಲೇಟ್ ತೆಗೆದು ಕೊಡ್ತಾರೆ. ಮನೆಗೆ ಹೋಗಿ ಫೋನು ಕೈಗೆ ತಗೊಂಡ್ರು ಅಂದ್ರೆ ಮುಗೀತು. ಜಾನ್ ಸುಲರ್ ಅನ್ನೋ ಅಮೆರಿಕದ ಸೈಕಾಲಜಿಸ್ಟ್ ಒಬ್ರು 2004ರಲ್ಲೇ ಇದ್ರ ಬಗ್ಗೆ ಬರೆದಿದ್ದಾರೆ, ಎದುರಿಗಿರೋರ ಮುಖ ಕಾಣ್ದೇ ಇದ್ದಾಗ, ಉತ್ತರ ತಕ್ಷಣ ಬರ್ದೇ ಇದ್ದಾಗ ಜನಕ್ಕೆ ಲಂಗು ಲಗಾಮು ಇರಲ್ಲ ಅಂತ. ಅವ್ರು ಹೇಳಿದ ಕಾರಣಗಳಲ್ಲಿ ಹೆಸ್ರು ಗೊತ್ತಾಗಲ್ಲ ಅನ್ನೋದೂ ಒಂದು. ನಮ್ಮಲ್ಲಿ ಹೆಸ್ರು, ಫ್ಲ್ಯಾಟ್ ನಂಬರ್ರು, ಕಾರ್ ನಂಬರ್ರು ಎಲ್ಲಾ ಎಲ್ರಿಗೂ ಗೊತ್ತು, ಆದ್ರೂ ಸಾಹೇಬ್ರು ಕಮ್ಮಿ ಮಾಡಿಲ್ಲ.

ಸಾಹೇಬ್ರಿಗೆ ಸರಿಯಾದ ಜೋಡಿ ಎ ಬ್ಲಾಕಿನ ಐಟಿ ಹುಡುಗ. ಅವ್ನು ಬೈಯಲ್ಲ, ಸ್ಕ್ರೀನ್‌ಶಾಟ್ ಇಡ್ತಾನೆ. 2021ರಲ್ಲಿ ಸಾಹೇಬ್ರು ಏನು ಬರೆದಿದ್ರು ಅನ್ನೋದು ಸಾಹೇಬ್ರಿಗೇ ನೆನಪಿರಲ್ಲ, ಇವ್ನ ಹತ್ರ ಕೆಂಪು ಗೆರೆ ಎಳೆದು ರೆಡಿ ಇರುತ್ತೆ. ಇಬ್ರಿಗೂ ಶುರುವಾಗಿದ್ದು ಇವ್ನ ಸ್ಕೂಟರ್ ನಿಲ್ಲಿಸೋ ಜಾಗಕ್ಕೆ. ಆ ಸ್ಕೂಟರ್ ಮಾರಿ ಎಷ್ಟೋ ಕಾಲ ಆಯ್ತು, ಜಗಳ ಇನ್ನೂ ಚೆನ್ನಾಗಿ ಓಡ್ತಾ ಇದೆ. 2023ರ ಮೇ ತಿಂಗಳಲ್ಲಿ ವಾಟ್ಸಾಪ್‌ನೋರು ಕಳಿಸಿದ ಮೆಸೇಜನ್ನ 15 ನಿಮಿಷದೊಳಗೆ ತಿದ್ದಬಹುದು ಅಂತ ಮಾಡಿದ್ರಲ್ಲ, ಸಾಹೇಬ್ರು ಅದನ್ನ ಬಳಸ್ಕೊಂಡ ಹಾಗೆ ಇಡೀ ಭಾರತದಲ್ಲಿ ಯಾರೂ ಬಳಸ್ಕೊಂಡಿರಲ್ಲ. ಮೊದ್ಲು "ನಿನ್ನಂಥೋರನ್ನ ಸರ್ವೀಸಲ್ಲಿ ಬೇಕಾದಷ್ಟು ನೋಡಿದ್ದೀನಿ ಕಣೋ" ಅಂತ ಹಾಕೋದು, ಎಲ್ರೂ ಓದ್ಕೊಳ್ಳಲಿ ಅಂತ ಹತ್ತು ನಿಮಿಷ ಬಿಡೋದು, ಆಮೇಲೆ "ತಮ್ಮಂಥ ಯುವಕರ ಬಗ್ಗೆ ನನಗೆ ಗೌರವವಿದೆ" ಅಂತ ತಿದ್ದೋದು. ತಡವಾಗಿ ಫೋನ್ ನೋಡಿದೋರಿಗೆ ಇಷ್ಟು ಗೌರವ ಕೊಟ್ರೂ ಈ ಹುಡುಗ ಯಾಕೆ ಹಾರಾಡ್ತಿದ್ದಾನೆ ಅಂತ ಅರ್ಥಾನೇ ಆಗ್ತಿರ್ಲಿಲ್ಲ. ಅಷ್ಟರಲ್ಲಿ ಅವ್ನು "10:42ಕ್ಕೆ ಹೀಗಿತ್ತು" ಅಂತ ಸ್ಕ್ರೀನ್‌ಶಾಟ್ ಹಾಕೋನು.

1990ರಲ್ಲಿ ಮೈಕ್ ಗಾಡ್ವಿನ್ ಅನ್ನೋರು ಒಂದು ಸೂತ್ರ ಹೇಳಿದ್ರು, ಆನ್‌ಲೈನ್ ವಾದ ಉದ್ದ ಆಗ್ತಾ ಆಗ್ತಾ ಯಾರಾದ್ರೂ ಒಬ್ರು ಹಿಟ್ಲರ್ ಹೆಸ್ರು ಎತ್ತೇ ಎತ್ತುತಾರೆ ಅಂತ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಹಿಟ್ಲರ್‌ವರೆಗೂ ಹೋಗೋ ಅಗತ್ಯ ಬರಲ್ಲ, ಅದಕ್ಕೂ ಮುಂಚೇನೇ "ನೀವು ಮೊದ್ಲು ಮೆಂಟೆನೆನ್ಸ್ ಕಟ್ಟಿ, ಆಮೇಲೆ ಮಾತಾಡಿ" ಬಂದುಬಿಡುತ್ತೆ. ನಾಯಿ ವಿಷ್ಯ ಆಗ್ಲಿ, ಗಣೇಶನ ಚಂದಾ ಆಗ್ಲಿ, ಟೆರೇಸಲ್ಲಿ ಹಪ್ಪಳ ಒಣಗಿಸೋದಾಗ್ಲಿ, ಕೊನೆಗೆ ಬಂದು ನಿಲ್ಲೋದು ಅಲ್ಲೇ.

ಇದೆಲ್ಲಾ ಹೇಗೋ ನಡ್ಕೊಂಡು ಹೋಗ್ತಿತ್ತು, 2024ರ ಬೇಸಿಗೆ ಬಂತು. ನಮ್ಮ ಬೋರ್‌ವೆಲ್ಲು ಮೊದ್ಲು ಕೆಂಪು ನೀರು ಕೊಟ್ಟು ಆಮೇಲೆ ಬರೀ ಗಾಳಿ ಕೊಡೋಕೆ ಶುರು ಮಾಡ್ತು. ಮಾರ್ಚಲ್ಲಿ ಜಲಮಂಡಳಿಯೋರು ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂದಿದ್ದೇ ತಡ, ಗ್ರೂಪು ಪೊಲೀಸ್ ಸ್ಟೇಷನ್ ಆಯ್ತು. ಯಾರ ಕಾರಿನ ಕೆಳಗೆ ಒದ್ದೆ ಇದ್ರೂ ಫೋಟೋ. ಒಬ್ರ ಕಾರಿನ ಎಸಿ ನೀರು ತೊಟ್ಟಿಕ್ಕಿದ್ದಕ್ಕೆ ಸಾಹೇಬ್ರು ಫೋಟೋ ಮೇಲೆ ಬಾಣದ ಗುರುತು ಹಾಕಿ "ಇದಕ್ಕೆ ಉತ್ತರ ಕೊಡುವವರು ಯಾರು?" ಅಂತ ಕೇಳಿದ್ರು, ಅವ್ರು ಬಾನೆಟ್ ತೆಗೆದು ವಿಡಿಯೋ ಮಾಡಿ ಹಾಕಿ ಪ್ರೂವ್ ಮಾಡ್ಬೇಕಾಯ್ತು.

ಟ್ಯಾಂಕರ್ ತರಿಸ್ಬೇಕು, ದುಡ್ಡು ಹೇಗೆ ಹಂಚೋದು, ಮನೆಗಿಷ್ಟು ಅಂತಾನಾ, ತಲೆಗಿಷ್ಟು ಅಂತಾನಾ? ಸಾಹೇಬ್ರ ಮನೇಲಿ ಇಬ್ರೇ, ಅವ್ರು ತಲೆ ಲೆಕ್ಕ ಅಂದ್ರು. ಹಾಗಂದ್ಮೇಲೆ ಐಟಿ ಹುಡುಗ ಮನೆ ಲೆಕ್ಕ ಅನ್ಲೇಬೇಕಲ್ಲ, ಅಂದ. ಅವ್ನ ಮನೇಲಿ ಅವ್ನೊಬ್ನೇ ಇರೋದು, ತಲೆ ಲೆಕ್ಕ ಆದ್ರೆ ಅವ್ನಿಗೇ ಲಾಭ, ಆದ್ರೆ ಅಷ್ಟೊತ್ತಿಗೆ ಲಾಭ ನಷ್ಟದ ಸ್ಟೇಜ್ ದಾಟಿ ಹೋಗಿತ್ತು. ಸೆಕ್ರೆಟರಿ, ಒಳ್ಳೇ ಮನುಷ್ಯ, ಜಗಳ ಅಂದ್ರೆ ಆಗಲ್ಲ, "ಪೋಲ್ ಹಾಕ್ತೀನಿ, ಡೆಮಾಕ್ರಟಿಕ್ ಆಗಿ ಡಿಸೈಡ್ ಮಾಡೋಣ" ಅಂದ್ರು.

ಪೋಲ್ ಮಾಡುವಾಗ ಒಬ್ರೇ ಒಂದಕ್ಕಿಂತ ಜಾಸ್ತಿ ಉತ್ತರ ಒತ್ತಬಹುದು ಅನ್ನೋ ಸ್ವಿಚ್ಚು ತಾನಾಗೇ ಆನ್ ಇರುತ್ತೆ, ಬೇಡ ಅಂದ್ರೆ ನಾವೇ ಆಫ್ ಮಾಡ್ಬೇಕು. ಸೆಕ್ರೆಟರಿ ಮಾಡಿರ್ಲಿಲ್ಲ. ಸಂಜೆ ಹೊತ್ತಿಗೆ 84 ಮನೆಯಿಂದ 117 ವೋಟು. ಸಾಹೇಬ್ರು "ಇದು ಹಾಡಹಗಲೇ ನಡೆದ ಬೂತ್ ಕ್ಯಾಪ್ಚರಿಂಗ್" ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ರು. ವಾಟ್ಸಾಪ್ ಪೋಲಲ್ಲಿ ಗುಪ್ತ ಮತದಾನ ಅಂತೇನೂ ಇಲ್ವಲ್ಲ, ಒತ್ತಿ ನೋಡಿದ್ರೆ ಯಾರು ಯಾವುದಕ್ಕೆ ಹಾಕಿದ್ರು ಅಂತ ಹೆಸ್ರು, ಫೋಟೋ, ಟೈಮು ಸಮೇತ ಬರುತ್ತೆ. ಸಾಹೇಬ್ರು ಕೂತು ಪಟ್ಟಿ ಮಾಡಿದ್ರು. ಎರಡೂ ಕಡೆ ಹಾಕಿದೋರ ಪಟ್ಟಿಯ ತುದಿಯಲ್ಲಿ, ತುಳಸಿ ಕಟ್ಟೆ ಮುಂದೆ ತೆಗೆದ ಫೋಟೋ ಸಮೇತ, ನಮ್ಮತ್ತೆ.

"ಎಷ್ಟು ಸಲ ಒತ್ತಿದ್ರಿ ಅತ್ತೆ?" ಅಂದೆ. "ಎರಡಕ್ಕೂ ಒಂದೊಂದು ಸಲ. ಒಬ್ರಿಗೆ ಹಾಕಿ ಒಬ್ರಿಗೆ ಬಿಟ್ರೆ ಬೇಜಾರ್ ಮಾಡ್ಕೊಳ್ಳಲ್ವೇನೇ? ಇಬ್ರೂ ದಿನಾ ಲಿಫ್ಟಲ್ಲಿ ಸಿಗ್ತಾರೆ" ಅಂದ್ರು ಹುರಳೀಕಾಯಿ ಮುರೀತಾ. ಉಳಿದ ಮೂವತ್ಚಿಲ್ರೆ ಜನ ಯಾಕೆ ಎರಡಕ್ಕೂ ಹಾಕಿದ್ರು ಅಂತ ಯಾರೂ ಬಾಯಿ ಬಿಟ್ಟು ಹೇಳ್ಲಿಲ್ಲ, ನನ್ನ ಪ್ರಕಾರ ಕಾರಣ ಇದೇ.

ಆಮೇಲೆ ಸಾಹೇಬ್ರು ಪಟ್ಟಿಯಲ್ಲಿದ್ದ ಒಬ್ಬೊಬ್ರನ್ನೇ ಟ್ಯಾಗ್ ಮಾಡಿ ವಿವರಣೆ ಕೇಳೋಕೆ ನಿಂತ್ರು. ಐಟಿ ಹುಡುಗ "ಇದು ಹರಾಸ್ಮೆಂಟ್" ಅಂದ. ಸಾಹೇಬ್ರು "ಸೆಕ್ಷನ್ 66ಎ ಹಾಕಿಸಿ ಒಳಗೆ ಕಳಿಸ್ತೀನಿ" ಅಂದ್ರು, ಆನ್‌ಲೈನಲ್ಲಿ ಕೆಟ್ಟದಾಗಿ ಬರೆದೋರ ಮೇಲೆ ಹಾಕ್ತಿದ್ದ ಐಟಿ ಕಾಯ್ದೆ ಸೆಕ್ಷನ್ನು ಅದು. ಐದನೇ ಫ್ಲೋರ್ ಲಾಯರ್ ಮೇಡಂ, ಯಾವತ್ತೂ ಮಾತಾಡದೋರು, ಅವತ್ತು ತಡೀಲಾರದೆ "ಸರ್, ಆ ಸೆಕ್ಷನ್ನನ್ನ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ಕ್ಕೇ ರದ್ದು ಮಾಡಿದೆ" ಅಂತ ಬರೆದ್ರು. ಅದಕ್ಕೆ ಸಾಹೇಬ್ರು, "ಸುಪ್ರೀಂ ಕೋರ್ಟ್ ಈ ಗ್ರೂಪಿನ ಮೆಂಬರಾ? ಮೇಡಂ, ತಾವು ಮಾರ್ಚ್ ತಿಂಗಳ ಮೆಂಟೆನೆನ್ಸ್ ಕಟ್ಟಿದ್ದೀರಾ?" ಮೇಡಂ ಮತ್ತೆ ಮಾತಾಡ್ಲಿಲ್ಲ.

ಇಲ್ಲಿ ನಂಗೆ ಒಂದು ವಿಷ್ಯ ಹೊಟ್ಟೆ ಉರಿಸುತ್ತೆ, ಹೇಳ್ಬಿಡ್ತೀನಿ. ಸಾಹೇಬ್ರ ಮೇಲೆ ನಂಗೆ ಅಷ್ಟೊಂದು ಕೋಪ ಇಲ್ಲ, ಅವ್ರಿಗೆ ಇನ್ನೇನು ಕೆಲ್ಸ ಇದೆ. ಕೋಪ ಬರೋದು ಪರ್ಸನಲ್ ಮೆಸೇಜ್ ಪಾರ್ಟಿಗಳ ಮೇಲೆ. ಆ ಟೀಚರ್ ಹುಡುಗಿಗೆ ಅವತ್ತು ರಾತ್ರಿ ಒಂದಷ್ಟು ಜನ ಪ್ರೈವೇಟಾಗಿ "ಡೋಂಟ್ ವರಿ ಮಾ, ಆ ಮನುಷ್ಯ ಹಾಗೇನೇ" ಅಂತ ಕಳಿಸಿದ್ರಂತೆ, ಅವ್ಳೇ ನಂಗೆ ತೋರ್ಸಿದ್ಲು. ಅದ್ರಲ್ಲಿ ಅರ್ಧ ಜನ ಅದೇ ಹೊತ್ತಿಗೆ ಗ್ರೂಪಲ್ಲಿ ಸಾಹೇಬ್ರ ಮೆಸೇಜಿಗೆ ಥಂಬ್ಸ್ ಅಪ್ ಒತ್ತಿದ್ರು. ಲಾಯರ್ ಮೇಡಂಗೂ ಅದೇ, "ಸೂಪರ್ ಆಗಿ ಕೊಟ್ರಿ ಮೇಡಂ", ಎಲ್ಲಾ ಬೀಗ ಹಾಕಿರೋ ಬಾಕ್ಸಲ್ಲಿ. ಸಾಹೇಬ್ರಿಗೆ ಕಾಣೋದು ಥಂಬ್ಸ್ ಅಪ್ ಮಾತ್ರ, ಇಡೀ ಬಿಲ್ಡಿಂಗೇ ನನ್ ಹಿಂದೆ ಇದೆ ಅಂದ್ಕೊಳ್ಳದೆ ಇನ್ನೇನು ಅಂದ್ಕೊಳ್ತಾರೆ ಪಾಪ. ನಮ್ಮನೆಯವ್ರನ್ನ ಕೇಳ್ದೆ, ನೀವ್ಯಾಕ್ರೀ ಥಂಬ್ಸ್ ಅಪ್ ಒತ್ತಿದ್ರಿ ಅಂತ. "ಪಾರ್ಕಿಂಗಲ್ಲಿ ನನ್ ಕಾರ್ ಅವ್ರ ಕಾರ್ ಪಕ್ಕದಲ್ಲೇ ನಿಲ್ಲೋದು ಕಣೇ" ಅಂದ್ರು. ಸರಿ.

ಸಾಹೇಬ್ರು ಕೊನೆಗೆ ಗ್ರೂಪ್ ಬಿಟ್ರು. ಮೊದ್ಲೆಲ್ಲಾ ಬಿಟ್ರೆ ಎಲ್ರಿಗೂ ಕಾಣ್ತಿತ್ತು, ಒಂದು ತೂಕ ಇರ್ತಿತ್ತು. 2022ರಲ್ಲಿ ವಾಟ್ಸಾಪ್‌ನೋರು ಅಡ್ಮಿನ್‌ಗೆ ಮಾತ್ರ ಗೊತ್ತಾಗೋ ಹಾಗೆ ಮಾಡಿದ್ರಿಂದ ಸಾಹೇಬ್ರು ಬಿಟ್ಟಿದ್ದು ಯಾರಿಗೂ ಗೊತ್ತಾಗ್ಲೇ ಇಲ್ಲ, ಪಾಪ ಎರಡು ದಿನ ಕಾದು ಸೆಕ್ರೆಟರಿಗೆ ಫೋನ್ ಮಾಡಿ "ನಾನು ಬಿಟ್ಟಿರೋದನ್ನ ಗ್ರೂಪಲ್ಲಿ ತಿಳಿಸ್ರೀ" ಅಂದ್ರು. ಸೆಕ್ರೆಟರಿ ತಿಳಿಸಿದ ತಕ್ಷಣ ಯಾರೋ ವಾಪಸ್ ಆಡ್ ಮಾಡಿದ್ರು. ಮತ್ತೆ ಬಿಟ್ರು. ಆಮೇಲೆ ತಾವೇ "ಓನರ್ಸ್ ಓನ್ಲಿ" ಅಂತ ಹೊಸ ಗ್ರೂಪ್ ಮಾಡಿದ್ರು, ಅದಕ್ಕೆ ವಿರುದ್ಧವಾಗಿ ಐಟಿ ಹುಡುಗ "ರೆಸಿಡೆಂಟ್ಸ್ ಒರಿಜಿನಲ್" ಮಾಡಿದ, ಯಾವ ಕಡೇನೂ ಬೇಡ ಅನ್ನೋರು "ಶಾಂತಿ ನೆಮ್ಮದಿ" ಅಂತ ಮಾಡಿದ್ರು, ಸದ್ಯಕ್ಕೆ ಅತಿ ಹೆಚ್ಚು ಜಗಳ ನಡೀತಿರೋದು ಅಲ್ಲೇ. ಟ್ಯಾಂಕರ್ ದುಡ್ಡು? ಟ್ಯಾಂಕರ್‌ನೋನು ಸೆಕ್ರೆಟರಿ ಮನೆ ಬೆಲ್ ಒತ್ತಿ ಇಸ್ಕೊಂಡು ಹೋದ, ಸೆಕ್ರೆಟರಿ ಸುಮ್ನೆ ಮನೆಗಿಷ್ಟು ಅಂತ ಮೆಂಟೆನೆನ್ಸಲ್ಲೇ ಸೇರ್ಸಿದ್ರು, ಒಬ್ರೂ ಕೇಳ್ಲಿಲ್ಲ. ಅಕ್ಟೋಬರಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯ್ತು, ದಿನಕ್ಕೆ 77.5 ಕೋಟಿ ಲೀಟರ್ ನೀರು ಜಾಸ್ತಿ ಬರುತ್ತೆ ಅಂತ ಪೇಪರಲ್ಲಿ ಬಂತು. ನಮ್ಮಲ್ಲಿ ಕನೆಕ್ಷನ್ ದುಡ್ಡು ಮನೆ ಲೆಕ್ಕನಾ ತಲೆ ಲೆಕ್ಕನಾ ಅಂತ ಮೂರೂ ಗ್ರೂಪಲ್ಲಿ ಶುರುವಾಯ್ತು.

"ಓನರ್ಸ್ ಓನ್ಲಿ"ಯಲ್ಲಿ ಸಾಹೇಬ್ರು ಒಂದು ಸೆಟ್ಟಿಂಗ್ ಮಾಡಿದ್ದಾರೆ, ಅಡ್ಮಿನ್ ಮಾತ್ರ ಬರೀಬಹುದು. ಅಡ್ಮಿನ್ ಅವ್ರೊಬ್ರೇ. ಬೆಳಿಗ್ಗೆ ಶುಭೋದಯ, ಮಧ್ಯಾಹ್ನ ಕಸ ಬೇರ್ಪಡಿಸೋ ಬಗ್ಗೆ, ರಾತ್ರಿ ಶಿಸ್ತಿನ ಬಗ್ಗೆ. ಎದುರು ಮಾತಾಡೋರು ಇಲ್ಲ, ಬೈಯೋಕೂ ಯಾರೂ ಸಿಗಲ್ಲ. ಎಲ್ಲಾ ಮ್ಯೂಟ್ ಮಾಡ್ಕೊಂಡು ಕೂತಿದ್ದಾರೆ. ನಮ್ಮತ್ತೆ ಮಾತ್ರ ಪ್ರತಿ ಮೆಸೇಜಿಗೂ ಹಾರ್ಟ್ ಒತ್ತುತಾರೆ. ಮೊನ್ನೆ ಸಾಹೇಬ್ರು ಬಾಗಿಲಿಗೇ ಬಂದು, ಕೈ ಮುಗಿದು, "ಅಮ್ಮಾ, ಇಷ್ಟು ಮನೇಲಿ ನೀವೊಬ್ರಾದ್ರೂ ಓದ್ತಿದ್ದೀರಲ್ಲ, ಅಷ್ಟೇ ಸಾಕು" ಅಂದ್ರು.

"ಅಯ್ಯೋ ನಾನೆಲ್ಲಿ ಓದ್ತೀನಪ್ಪಾ, ನಂಗೆ ಅಷ್ಟು ಸಣ್ಣ ಅಕ್ಷರ ಕಾಣಲ್ಲ" ಅಂದ್ರು ನಮ್ಮತ್ತೆ. "ಆ ಹಸಿರು ಚುಕ್ಕೆ ಹೋಗ್ಲಿ ಅಂತ ಒಳಗೆ ಹೋಗ್ತೀನಿ, ಬೆರಳು ಎಲ್ಲೋ ತಾಗುತ್ತೆ. ಕಾಫಿ ಕುಡೀತೀಯಾ?"

ಕುಡಿದು ಹೋದ್ರು.